ಎಷ್ಟು ತಪ್ಪಿದೆ ಅಂತ ಮೊದಲು ಕೇಳು

(ತಾಲ್ಲೂಕು ಕೇಂದ್ರದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ತರುಣನಿಗೂ ಸರ್ವರ್ ನಿರ್ವಹಣೆಯಲ್ಲಿ ಬಹುಕಾಲ ಪಳಗಿದ ಹಿರಿಯ ಹೆಂಗಸಿಗೂ ನಡೆದ ಮಾತುಕತೆ.)

ಆತ: ಅಕ್ಕ, ಲ್ಯಾಬಿನ ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಟೈಮ್ ನಿಲ್ತಾನೇ ಇಲ್ಲ. ಇವತ್ತು ಸರಿ ಮಾಡಿದ್ರೆ ನಾಳೆ ಮತ್ತೆ ತಪ್ಪು. ಕೆಲವು ಮೆಷಿನ್‌ಗಳಲ್ಲಿ ಬ್ರೌಸರ್ ತೆರೆದ್ರೆ ಸರ್ಟಿಫಿಕೇಟ್ ಸರಿಯಿಲ್ಲ ಅಂತ ಬಂದು ಸೈಟೇ ತೆರೆಯಲ್ಲ. ನಾನು ಮೊಬೈಲ್ ನೋಡಿಕೊಂಡು ಡೇಟ್ ಕಮಾಂಡ್ ಕೊಟ್ಟು ಒಂದೊಂದನ್ನೇ ಸರಿ ಮಾಡ್ತಾ ಬರ್ತಿದ್ದೀನಿ.

ಆಕೆ: ಸರಿ ಮಾಡೋಕೆ ಮುಂಚೆ ಎಷ್ಟು ತಪ್ಪಿತ್ತು ಅಂತ ಬರೆದಿಟ್ಟುಕೊಂಡಿದ್ದೀಯಾ?

ಆತ: ಇಲ್ಲ. ತಪ್ಪಿದೆ ಅಂತ ಕಂಡ ತಕ್ಷಣ ಸರಿ ಮಾಡಿಬಿಡ್ತೀನಿ.

ಆಕೆ: ಅಲ್ಲೇ ಸಾಕ್ಷಿ ಕಳೆದುಹೋಗೋದು. ಗಡಿಯಾರ ಎಷ್ಟು ತಪ್ಪಿದೆ, ಮುಂದಿದೆಯಾ ಹಿಂದಿದೆಯಾ, ಆ ತಪ್ಪು ಇದ್ದಷ್ಟೇ ಇದೆಯಾ ಬೆಳೀತಾ ಇದೆಯಾ, ಈ ಮೂರು ಗೊತ್ತಾದ್ರೆ ಕಾರಣ ಮುಕ್ಕಾಲು ಪಾಲು ಸಿಕ್ಕ ಹಾಗೆ. ನೀನು ಕೈಯಾರೆ ಟೈಮ್ ಹಾಕಿದ ಕ್ಷಣ ಮೂರೂ ಅಳಿಸಿಹೋಗುತ್ತೆ. ನಾಳೆ ಅದೇ ತೊಂದರೆ ಬಂದಾಗ ಮತ್ತೆ ಮೊದಲಿಂದ ಶುರು ಮಾಡಬೇಕು.

ಆತ: ತಪ್ಪಿನ ಅಳತೆಯಿಂದ ಕಾರಣ ಹೇಗೆ ತಿಳಿಯುತ್ತೆ?

ಆಕೆ: ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ ಇದ್ರೆ ಗಡಿಯಾರ ಕೆಟ್ಟಿಲ್ಲ. ಭಾರತೀಯ ಕಾಲಮಾನ ಅಂತ ಒಂದು ಕಡೆ ಬರೆದಿಟ್ಟದ್ದನ್ನ ಇನ್ನೊಂದು ಕಡೆ ಜಾಗತಿಕ ಪ್ರಮಾಣ ಸಮಯವಾದ ಯುಟಿಸಿ ಅಂತ ಓದಿದ್ದಾರೆ, ಇಲ್ಲಾ ಅದರ ತಿರುಗುಮುರುಗು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಿಂದೆ ಹೋಗಿದ್ರೆ ಮದರ್‌ಬೋರ್ಡಿನ ಸೆಲ್ ಮುಗಿದಿರಬೇಕು. ದಿನಕ್ಕೆ ಒಂದೆರಡು ಸೆಕೆಂಡಿನ ಲೆಕ್ಕದಲ್ಲಿ ಬೆಳೀತಿದ್ರೆ ಗಡಿಯಾರ ತನ್ನ ಪಾಡಿಗೆ ತಾನು ನಡೀತಿದೆ, ತಿದ್ದೋರು ಯಾರೂ ಇಲ್ಲ. ವರ್ಚುವಲ್ ಮೆಷಿನ್ ಎಷ್ಟು ಹೊತ್ತು ನಿಲ್ಲಿಸಿಟ್ಟಿದ್ದೆವೋ ಅಷ್ಟೇ ಹೊತ್ತು ಹಿಂದೆ ಬಿದ್ದಿದ್ರೆ, ಅದು ಎದ್ದ ಮೇಲೆ ಯಾರೂ ಹೊಸ ಸಮಯ ಕೊಟ್ಟಿಲ್ಲ. ಒಂದೊಂದರ ಪರಿಹಾರವೂ ಬೇರೆ.

ಆತ: ಎಷ್ಟು ತಪ್ಪಿದೆ ಅಂತ ಬ್ರೌಸರ್ ಹೇಳಲ್ವಲ್ಲ.

ಆಕೆ: ಬೇರೆ ಕಡೆ ಹೇಳುತ್ತೆ. ಉಬುಂಟು, ಡೆಬಿಯನ್‌ನಲ್ಲಿ ಆಪ್ಟ್ ಅಪ್‌ಡೇಟ್ ಕೊಟ್ಟಾಗ ಬರೋ ದೂರನ್ನ ಪೂರ್ತಿ ಓದು. ರಿಲೀಸ್ ಫೈಲು ಇನ್ನೂ ಚಾಲ್ತಿಗೆ ಬಂದಿಲ್ಲ, ಚಾಲ್ತಿಗೆ ಬರೋಕೆ ಇನ್ನೂ ಇಷ್ಟು ದಿನ, ಇಷ್ಟು ಗಂಟೆ, ಇಷ್ಟು ನಿಮಿಷ ಇದೆ ಅಂತ ಬರೆದಿರುತ್ತೆ. ಆ ಫೈಲು ತಯಾರಾಗಿ ಸರ್ವರ್‌ಗೆ ಬಂದಾಗಿದೆ. ಆದರೂ ನಿನ್ನ ಮೆಷಿನ್ನಿಗೆ ಅದು ಮುಂದಿನ ದಿನಾಂಕದ ಫೈಲು. ಹಾಗಾದ್ರೆ ನಿನ್ನ ಗಡಿಯಾರ ಕಡೇಪಕ್ಷ ಅಷ್ಟು ಹಿಂದಿದೆ ಅಂತ ಲೆಕ್ಕ. ಪ್ರೋಗ್ರಾಂ ಕಟ್ಟೋ ಮೇಕ್ ಕಮಾಂಡ್ ಓಡಿಸುವಾಗಲೂ ಹೀಗೇ. ಫೈಲಿನ ತಿದ್ದುಪಡಿ ಸಮಯ ಇಷ್ಟು ಸೆಕೆಂಡು ಭವಿಷ್ಯದಲ್ಲಿದೆ ಅಂತ ಎಚ್ಚರಿಕೆ ಬರುತ್ತೆ. ಫೈಲು ಒಂದು ಮೆಷಿನ್‌ನದು, ಮೇಕ್ ಓಡ್ತಿರೋದು ಇನ್ನೊಂದರಲ್ಲಿ, ಎರಡರ ಗಡಿಯಾರ ಒಂದಕ್ಕೊಂದು ಹೊಂದ್ತಿಲ್ಲ.

ಆತ: ನಮ್ಮಲ್ಲಿ ಒಂದಷ್ಟು ಮೆಷಿನ್‌ಗಳು ಐದೂವರೆ ಗಂಟೆ ಮುಂದೆ ಹೋಗಿರ್ತವೆ. ಅದಂತೂ ನೆನಪಿದೆ.

ಆಕೆ: ಅವುಗಳಲ್ಲಿ ವಿಂಡೋಸ್ ಕೂಡ ಇದೆಯಾ?

ಆತ: ಇದೆ. ಎರಡೂ ಹಾಕಿದ್ದೀವಿ.

ಆಕೆ: ಹಾಗಾದ್ರೆ ಕಾರಣ ಸಿಕ್ಕಿತು. ಕಂಪ್ಯೂಟರ್ ಒಳಗೆ ಎರಡು ಗಡಿಯಾರ ಇರೋದನ್ನ ನೆನಪಿಟ್ಟುಕೋ. ಒಂದು ಮದರ್‌ಬೋರ್ಡಿನ ಮೇಲಿರೋ ಹಾರ್ಡ್‌ವೇರ್ ಗಡಿಯಾರ, ಆರ್‌ಟಿಸಿ ಅಂತಾರೆ. ಸೆಕೆಂಡಿಗೆ 32,768 ಸಲ ಕಂಪಿಸೋ ಸ್ಫಟಿಕದ ಮೇಲೆ ಅದು ನಡೆಯುತ್ತೆ. ಕರೆಂಟ್ ಇಲ್ಲದಾಗ ಬಿಲ್ಲೆಯಂಥ 3 ವೋಲ್ಟಿನ ಸಿಆರ್2032 ಸೆಲ್ ಅದನ್ನ ನಡೆಸುತ್ತೆ. ಇನ್ನೊಂದು ಕರ್ನಲ್ ಇಟ್ಟುಕೊಂಡಿರೋ ಸಿಸ್ಟಮ್ ಗಡಿಯಾರ. 1970ರ ಜನವರಿ 1ರಿಂದ ಎಷ್ಟು ಸೆಕೆಂಡಾಯಿತು ಅಂತ ಯುಟಿಸಿಯಲ್ಲಿ ಎಣಿಸೋದು ಅದು. ಬೂಟ್ ಆಗುವಾಗ ಸಿಸ್ಟಮ್ ಗಡಿಯಾರ ಆರ್‌ಟಿಸಿ ನೋಡಿ ಶುರುವಾಗುತ್ತೆ, ಆಮೇಲೆ ತಾನೇ ಎಣಿಸಿಕೊಂಡು ಹೋಗುತ್ತೆ. ಆರ್‌ಟಿಸಿಗೆ ಟೈಮ್ ಜೋನ್ ಅನ್ನೋದು ಗೊತ್ತಿಲ್ಲ, ಅದರಲ್ಲಿರೋದು ಬರೀ ಅಂಕಿ. ವಿಂಡೋಸ್ ಅಲ್ಲಿ ಸ್ಥಳೀಯ ಸಮಯ ಬರೆಯುತ್ತೆ. ಲಿನಕ್ಸ್ ಅದೇ ಅಂಕಿಯನ್ನ ಯುಟಿಸಿ ಅಂತ ಓದಿ, ಮೇಲೆ ಐದೂವರೆ ಗಂಟೆ ಕೂಡಿಸಿ ತೋರಿಸುತ್ತೆ.

ಆತ: ಆದ್ರೆ ಕೆಲವು ಸಲ ಲಿನಕ್ಸ್ ಸರಿಯಿದ್ದು ವಿಂಡೋಸ್ ಐದೂವರೆ ಗಂಟೆ ಹಿಂದೆ ಬೀಳುತ್ತೆ.

ಆಕೆ: ಅದೂ ಇದೇ ಕಥೆಯ ಇನ್ನೊಂದು ಕೊನೆ. ಲಿನಕ್ಸ್‌ಗೆ ನೆಟ್‌ವರ್ಕ್‌ನಿಂದ ಸರಿಯಾದ ಸಮಯ ಸಿಕ್ತು ಅಂತಿಟ್ಟುಕೋ. ಗಡಿಯಾರ ಹೊಂದಿಕೊಂಡಿದೆ ಅಂತ ಖಾತ್ರಿಯಾದ ಮೇಲೆ ಕರ್ನಲ್ 11 ನಿಮಿಷಕ್ಕೊಂದು ಸಲ ಆ ಸಮಯವನ್ನ ಆರ್‌ಟಿಸಿಗೆ ಬರೆಯುತ್ತೆ, ಯುಟಿಸಿಯಲ್ಲಿ. ಮುಂದಿನ ಸಲ ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಅಂತ ಓದುತ್ತೆ, ಐದೂವರೆ ಗಂಟೆ ಹಿಂದೆ ಬೀಳುತ್ತೆ. ನೀನು ಎಷ್ಟು ಸಲ ಕೈಯಾರೆ ಟೈಮ್ ಹಾಕಿದ್ರೂ ಈ ಜಗಳ ನಿಲ್ಲಲ್ಲ. ಇಬ್ಬರೂ ಒಂದೇ ಒಪ್ಪಂದಕ್ಕೆ ಬರಬೇಕು. ಒಳ್ಳೇ ದಾರಿ ಅಂದ್ರೆ ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಟೈಮ್ ಜೋನ್ ಮಾಹಿತಿ ಇರೋ ಜಾಗದಲ್ಲಿ ‘ರಿಯಲ್‌ಟೈಮ್‌ಈಸ್‌ಯೂನಿವರ್ಸಲ್’ ಅಂತ ಸೇರಿಸಿ ಅದಕ್ಕೆ 1 ಕೊಡೋದು. ಆಗ ಎರಡೂ ಆರ್‌ಟಿಸಿಯನ್ನ ಯುಟಿಸಿ ಅಂತಲೇ ಓದ್ತವೆ. ಲಿನಕ್ಸನ್ನೇ ಸ್ಥಳೀಯ ಸಮಯಕ್ಕೆ ಒಗ್ಗಿಸೋ ಆಯ್ಕೆಯೂ ಇದೆ. ಆದ್ರೆ ಅದನ್ನ ಆರಿಸಿದ್ರೆ ಈ ವಿಧಾನ ಪೂರ್ತಿ ನಂಬಿಕೆಗೆ ತಕ್ಕದ್ದಲ್ಲ ಅಂತ ಸಿಸ್ಟಮ್ ತಾನೇ ಎಚ್ಚರಿಸುತ್ತೆ.

ಆತ: ಇದನ್ನೆಲ್ಲ ಒಂದೇ ಕಡೆ ನೋಡೋ ಜಾಗ ಇದೆಯಾ?

ಆಕೆ: ‘ಟೈಮ್‌ಡೇಟ್‌ಸಿಟಿಎಲ್’ ಅಂತ ಒಂದು ಕಮಾಂಡ್ ಇದೆ. ಏನೂ ಸೇರಿಸದೆ ಎಂಟರ್ ಒತ್ತು. ಏಳು ಸಾಲು ಬರುತ್ತೆ, ಒಂದನ್ನೂ ಬಿಡದೆ ಓದು. ಮೊದಲಿನ ಮೂರು ಸಾಲು ಸ್ಥಳೀಯ ಸಮಯ, ಯುಟಿಸಿ, ಆರ್‌ಟಿಸಿ. ನಾಲ್ಕನೇದು ಟೈಮ್ ಜೋನ್, ಅಲ್ಲಿ ಏಷ್ಯಾ/ಕೋಲ್ಕತಾ, +0530 ಅಂತ ಇರಬೇಕು. ಐದನೇದು ಸಿಸ್ಟಮ್ ಗಡಿಯಾರ ಹೊಂದಿಕೊಂಡಿದೆಯಾ, ಎಸ್ ಅಥವಾ ನೋ. ಆರನೇದು ನೆಟ್‌ವರ್ಕ್‌ನಿಂದ ಸಮಯ ತರೋ ಎನ್‌ಟಿಪಿ ಸರ್ವಿಸ್ ಚಾಲೂ ಇದೆಯಾ. ಏಳನೇದು ಆರ್‌ಟಿಸಿ ಸ್ಥಳೀಯ ಸಮಯದಲ್ಲಿದೆಯಾ, ಅಲ್ಲಿ ನೋ ಅಂತ ಇರಬೇಕು. ಮೊದಲು ಎರಡನೇ ಸಾಲು ಹಿಡಿ. ಯುಟಿಸಿ ಸರಿಯಿದ್ದು ಸ್ಥಳೀಯ ಸಮಯ ಮಾತ್ರ ತಪ್ಪಿದ್ರೆ ಗಡಿಯಾರ ಮುಟ್ಟಲೇಬೇಡ, ಟೈಮ್ ಜೋನ್ ಬದಲಾಯಿಸು, ಅಷ್ಟೇ. ಯುಟಿಸಿಯೇ ತಪ್ಪಿದ್ರೆ ಆಗ ಗಡಿಯಾರದ ಕಡೆ ಹೋಗು. ಯುಟಿಸಿಯಲ್ಲೇ ಇಟ್ಟಿರೋ ಬಾಡಿಗೆ ಸರ್ವರ್‌ಗೆ ಲಾಗಿನ್ ಆಗಿ, ಐದೂವರೆ ಗಂಟೆ ಹಿಂದಿದೆ ಅಂತ ಗಾಬರಿಯಿಂದ ‘ಸರಿ’ ಮಾಡಿ, ಸರಿಯಿದ್ದ ಗಡಿಯಾರವನ್ನ ಕೆಡಿಸಿದವರನ್ನ ನೋಡಿದ್ದೀನಿ.

ಆತ: ಇನ್ನೊಂದು ವಿಚಿತ್ರ ಇದೆ. ಒಂದು ಹಳೇ ಮೆಷಿನ್ ಬೆಳಿಗ್ಗೆ ಆನ್ ಮಾಡಿದ್ರೆ ಹಿಂದಿನ ಸಂಜೆ ಆಫ್ ಮಾಡಿದ ಹೊತ್ತನ್ನೇ ತೋರಿಸುತ್ತೆ. ಸೆಲ್ ಹೋಗಿದ್ರೆ ಯಾವುದೋ ಹಳೇ ವರ್ಷ ತೋರಿಸಬೇಕಲ್ವಾ?

ಆಕೆ: ಸೆಲ್ಲೇ ಹೋಗಿರೋದು. ಆ ಮೆಷಿನ್‌ನಲ್ಲಿ ಸಮಯ ಹೊಂದಿಸೋ ಸಿಸ್ಟಮ್‌ಡಿ-ಟೈಮ್‌ಸಿಂಕ್‌ಡಿ ಸರ್ವಿಸ್ ಓಡ್ತಿರಬೇಕು. ಕೊನೇ ಸಲ ತನಗೆ ಗೊತ್ತಿದ್ದ ಸಮಯವನ್ನ ಅದು ಒಂದು ಫೈಲಿನ ದಿನಾಂಕವಾಗಿ ಡಿಸ್ಕ್‌ನಲ್ಲಿ ಇಟ್ಟುಕೊಂಡಿರುತ್ತೆ. ಬೂಟ್ ಆದಾಗ ಆರ್‌ಟಿಸಿ ಅದಕ್ಕಿಂತ ಹಿಂದಿದ್ರೆ ಆ ಫೈಲಿನ ಸಮಯಕ್ಕೆ ಗಡಿಯಾರವನ್ನ ತರುತ್ತೆ. ಕಾಲ ಹಿಂದಕ್ಕೆ ಹೋಗಬಾರದು ಅನ್ನೋದು ಅದರ ಉದ್ದೇಶ. ಆರ್‌ಟಿಸಿಯೇ ಇಲ್ಲದ ಹಳೇ ರಾಸ್‌ಬೆರಿ ಪೈ ಬೋರ್ಡುಗಳೂ ಇದೇ ಉಪಾಯದ ಮೇಲೆ ನಡೀತಿದ್ವು, ಅಲ್ಲಿ ಫೇಕ್-ಎಚ್‌ಡಬ್ಲ್ಯೂಕ್ಲಾಕ್ ಆ ಕೆಲಸ ಮಾಡ್ತಿತ್ತು. ಹಾಗಾಗಿ ಈಗಿನ ಲಿನಕ್ಸ್‌ನಲ್ಲಿ ಸೆಲ್ ಸತ್ತಿದ್ದು 1970 ಅಂತ ಕಾಣೋದು ಅಪರೂಪ, ನಿನ್ನೆ ಸಂಜೆ ಅಂತ ಕಾಣುತ್ತೆ. ಸೆಲ್ ಬದಲಾಯಿಸು. ಸಮಯ ಸರಿಯಾದ ಮೇಲೆ ಎಚ್‌ಡಬ್ಲ್ಯೂಕ್ಲಾಕ್ ಕಮಾಂಡಿಗೆ ‘ಸಿಸ್‌ಟುಎಚ್‌ಸಿ’ ಆಯ್ಕೆ ಕೊಟ್ಟು ಸಿಸ್ಟಮ್ ಸಮಯವನ್ನ ಆರ್‌ಟಿಸಿಗೆ ಬರಿ.

ಆತ: ಒಂದಷ್ಟು ಮೆಷಿನ್‌ಗಳಲ್ಲಿ ವಿಂಡೋಸೂ ಇಲ್ಲ, ಸೆಲ್ಲೂ ಹೊಸದು. ಆದ್ರೂ ತಿಂಗಳಾಗೋ ಹೊತ್ತಿಗೆ ನಿಮಿಷದಷ್ಟು ಓಡಿಹೋಗಿರ್ತವೆ.

ಆಕೆ: ಅದು ಬೆಳೆಯೋ ತಪ್ಪು. ಸ್ಫಟಿಕ ಎಷ್ಟೇ ಒಳ್ಳೇದಿದ್ರೂ ಹತ್ತು ಲಕ್ಷಕ್ಕೆ 20 ಪಾಲು, ಅಂದ್ರೆ 20 ಪಿಪಿಎಂ, ಆಚೀಚೆ ಆದ್ರೆ ದಿನಕ್ಕೆ ಸುಮಾರು 1.7 ಸೆಕೆಂಡ್ ಓಡುತ್ತೆ, ತಿಂಗಳಿಗೆ ಹತ್ತಿರ ಹತ್ತಿರ 52 ಸೆಕೆಂಡ್. ಕೋಣೆಯ ಸೆಕೆ ಹೆಚ್ಚಾದ್ರೂ ಕಡಿಮೆಯಾದ್ರೂ ಅದು ಬದಲಾಗುತ್ತೆ. ಅದಕ್ಕೇ ಹೊರಗಿನ ಗಡಿಯಾರ ನೋಡಿ ಆಗಾಗ ತಿದ್ದೋ ಸರ್ವಿಸ್ ಬೇಕು. ನಿನ್ನ ಮೆಷಿನ್‌ಗಳಲ್ಲಿ ಯಾವುದಿದೆ? ಟೈಮ್‌ಸಿಂಕ್‌ಡಿ, ಕ್ರೋನಿ, ಹಳೇ ಎನ್‌ಟಿಪಿಡಿ, ಇವುಗಳಲ್ಲಿ ಒಂದೇ ಒಂದು ಇರಬೇಕು. ಯಾರೋ ಒಂದು ಕಾಲದಲ್ಲಿ ಎನ್‌ಟಿಪಿಡಿ ಹಾಕಿ, ಇನ್ನೊಬ್ಬರು ಅದರ ಮೇಲೆ ಕ್ರೋನಿ ಹಾಕಿದ್ರೆ ಎರಡೂ ಒಂದೇ ಗಡಿಯಾರವನ್ನ ತಮ್ಮ ತಮ್ಮ ಕಡೆ ಎಳೀತವೆ. ಯಾವುದು ಚಾಲೂ ಇದೆ ಅಂತ ಸಿಸ್ಟಮ್‌ಸಿಟಿಎಲ್‌ನಲ್ಲಿ ನೋಡಿ, ಒಂದನ್ನ ಉಳಿಸಿ ಉಳಿದದ್ದನ್ನ ತೆಗಿ.

ಆತ: ಕ್ರೋನಿ ಚಾಲೂ ಇದೆ ಅಂತ ಬರುತ್ತೆ. ಆದ್ರೆ ಟೈಮ್‌ಡೇಟ್‌ಸಿಟಿಎಲ್‌ನ ಐದನೇ ಸಾಲಿನಲ್ಲಿ ‘ನೋ’ ಅಂತಲೇ ಇದೆ.

ಆಕೆ: ಸರ್ವಿಸ್ ಓಡೋದು ಬೇರೆ, ಅದಕ್ಕೆ ಉತ್ತರ ಸಿಗೋದು ಬೇರೆ. ‘ಕ್ರೋನಿಸಿ ಸೋರ್ಸಸ್’ ಅಂತ ಕೊಡು. ಒಂದು ಸಾಲಿಗೆ ಒಂದು ಸರ್ವರ್. ಹೆಸರಿಗೆ ಮುಂಚೆ ಒಂದು ಚಿಹ್ನೆ ಇರುತ್ತೆ. ನಕ್ಷತ್ರ ಇದ್ರೆ ಅದನ್ನೇ ಈಗ ಅನುಸರಿಸ್ತಿದೆ. ಪ್ಲಸ್ ಇದ್ರೆ ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿದೆ. ಪ್ರಶ್ನೆಚಿಹ್ನೆ ಇದ್ರೆ ಅದು ಕೈಗೆ ಸಿಕ್ಕಿಲ್ಲ. ಎಕ್ಸ್ ಇದ್ರೆ ಆ ಸರ್ವರ್ ಹೇಳೋ ಸಮಯ ಉಳಿದವರ ಜೊತೆ ಕೂಡ್ತಿಲ್ಲ. ಆಮೇಲೆ ‘ರೀಚ್’ ಅನ್ನೋ ಕಾಲಮ್ ನೋಡು. ಕೊನೇ ಎಂಟು ಪ್ರಶ್ನೆಗಳಲ್ಲಿ ಯಾವುದಕ್ಕೆ ಉತ್ತರ ಬಂತು ಅನ್ನೋದನ್ನ ಎಂಟರ ಪದ್ಧತಿಯ ಸಂಖ್ಯೆಯಲ್ಲಿ ಬರೆದಿರ್ತಾರೆ. ಎಂಟಕ್ಕೆ ಎಂಟೂ ಬಂದಿದ್ರೆ 377. ಈಗಷ್ಟೇ ಶುರುವಾಗಿದ್ರೆ 1, 3, 7, 17, 37 ಅಂತ ಏರ್ತಾ ಹೋಗುತ್ತೆ. ಎಲ್ಲ ಬಂದು ಕೊನೇದೊಂದು ತಪ್ಪಿದ್ರೆ 376. ನಿನ್ನಲ್ಲಿ ಎಷ್ಟಿದೆ?

ಆತ: ಎಲ್ಲ ಸಾಲಿನಲ್ಲೂ ಪ್ರಶ್ನೆಚಿಹ್ನೆ, ರೀಚ್ ಸೊನ್ನೆ.

ಆಕೆ: ಹಾಗಾದ್ರೆ ಗಡಿಯಾರದ ತಪ್ಪಲ್ಲ, ದಾರಿ ಮುಚ್ಚಿದೆ. ಎನ್‌ಟಿಪಿ ಯುಡಿಪಿ 123ನೇ ಪೋರ್ಟಿನಲ್ಲಿ ಮಾತಾಡುತ್ತೆ. ವೆಬ್ ಮಾತ್ರ ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿರೋ ಫೈರ್‌ವಾಲ್‌ನಲ್ಲಿ ಸೈಟುಗಳು ಚೆನ್ನಾಗೇ ತೆರೀತವೆ, ಸಮಯ ಮಾತ್ರ ಬರಲ್ಲ. ನೆಟ್‌ವರ್ಕ್ ನೋಡಿಕೊಳ್ಳೋರ ಹತ್ತಿರ ‘ನೆಟ್ ಸರಿ ಇಲ್ಲ’ ಅಂತ ಹೇಳಬೇಡ. ಹೊರಗೆ ಹೋಗೋ ಯುಡಿಪಿ 123 ತೆರೆದುಕೊಡಿ ಅಂತ ಕೇಳು. ಸರ್ವರ್‌ಗಳ ಸಾಲೇ ಬರದಿದ್ರೆ ಹೆಸರು ಹುಡುಕೋ ಡಿಎನ್‌ಎಸ್ ಪರೀಕ್ಷಿಸು. ಅಲ್ಲಿ ಒಂದು ಸುಳಿ ಇದೆ. ಡಿಎನ್‌ಎಸ್ ಉತ್ತರದ ಸಹಿ ಪರೀಕ್ಷಿಸೋ ಡಿಎನ್‌ಎಸ್‌ಸೆಕ್ ವ್ಯವಸ್ಥೆಗೆ ಸರಿಯಾದ ದಿನಾಂಕ ಬೇಕು. ದಿನಾಂಕ ತೀರಾ ತಪ್ಪಿದ್ರೆ ಸಹಿ ಒಪ್ಪಿಗೆಯಾಗಲ್ಲ, ಹೆಸರು ಸಿಗಲ್ಲ. ಹೆಸರು ಸಿಗದೆ ಸಮಯ ಬರಲ್ಲ, ಸಮಯ ಬರದೆ ದಿನಾಂಕ ಸರಿಹೋಗಲ್ಲ. ಸುಳಿವು ಅಳಿಸೋ ಭಯವಿಲ್ಲದೆ ಕೈಯಾರೆ ಸಮಯ ಹಾಕಬಹುದಾದ ಜಾಗ ಇದು. ಏನು ತಪ್ಪಿದೆ ಅಂತ ಗೊತ್ತಾಗಿದೆ, ಸುಳಿ ಬಿಡಿಸೋಕೆ ಒಂದು ಸಲ ಹಾಕ್ತೀಯ.

ಆತ: ಅಷ್ಟು ದೂರದ ಸರ್ವರ್ ಕೇಳಿ ಬರೋ ಹೊತ್ತಿಗೆ ಸಮಯ ಕಳೆದಿರುತ್ತಲ್ಲ. ಹಾಗಿದ್ರೂ ಸರಿಯಾಗಿ ಹೇಗೆ ಹೊಂದಿಸುತ್ತೆ?

ಆಕೆ: ಅದೇ ಎನ್‌ಟಿಪಿಯ ಜೀವಾಳ. ಮುಂದೆ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯ ಸೇರಿದ ಡೇವಿಡ್ ಮಿಲ್ಸ್ ಅದರ ಮೊದಲ ವಿವರಣಾ ದಾಖಲೆಯನ್ನ 1985ರಲ್ಲಿ ಹೊರತಂದ್ರು, ದೃಷ್ಟಿ ಕುಂದುತ್ತಾ ಹೋದ್ರೂ ದಶಕಗಟ್ಟಲೆ ಅದನ್ನ ಬೆಳೆಸಿದ್ರು, 2024ರ ಜನವರಿಯಲ್ಲಿ ತೀರಿಕೊಂಡ್ರು. ಒಂದು ಲೆಕ್ಕ ಹಾಕಿ ತೋರಿಸ್ತೀನಿ, ಕಾಗದ ತಗೋ. ನಿನ್ನ ಮೆಷಿನ್ ತನ್ನ ಗಡಿಯಾರದಲ್ಲಿ 10 ಗಂಟೆ 0 ನಿಮಿಷ 0.000 ಸೆಕೆಂಡಿಗೆ ಪ್ರಶ್ನೆ ಕಳಿಸ್ತು. ಸರ್ವರ್‌ಗೆ ಅದು ಮುಟ್ಟಿದ್ದು ಸರ್ವರ್‌ನ ಗಡಿಯಾರದಲ್ಲಿ 5.040ನೇ ಸೆಕೆಂಡಿಗೆ. ಉತ್ತರ ಹೊರಟದ್ದು 5.041ಕ್ಕೆ. ನಿನಗೆ ಬಂದು ಸೇರಿದ್ದು ನಿನ್ನ ಗಡಿಯಾರದಲ್ಲಿ 0.081ಕ್ಕೆ. ನೀನು ಕಾದದ್ದು 0.081, ಅದರಲ್ಲಿ ಸರ್ವರ್ ಇಟ್ಟುಕೊಂಡದ್ದು 0.001, ಹೋಗಿಬರೋ ದಾರಿಗೆ ಹಿಡಿದದ್ದು 0.080. ಹೋಗುವಾಗಿನ ವ್ಯತ್ಯಾಸ 5.040, ಬರುವಾಗಿನ ವ್ಯತ್ಯಾಸ 4.960. ಎರಡನ್ನೂ ಕೂಡಿಸಿ ಅರ್ಧ ಮಾಡು.

ಆತ: ಸರಿಯಾಗಿ ಐದು. ನಾನು ಐದು ಸೆಕೆಂಡ್ ಹಿಂದಿದ್ದೀನಿ. ದಾರಿಯ ಹೊತ್ತು ತಾನಾಗೇ ಹೊರಟುಹೋಯಿತು!

ಆಕೆ: ಹೋಗೋ ದಾರಿ, ಬರೋ ದಾರಿ ಒಂದೇ ಸಮ ಅಂತ ನಂಬಿದ್ರೆ ಮಾತ್ರ. ಒಂದು ಕಡೆ ಟ್ರಾಫಿಕ್ ಹೆಚ್ಚಿದ್ರೆ ಉತ್ತರ ಅಷ್ಟು ವಾಲುತ್ತೆ. ಆದ್ರೂ ಆ ತಪ್ಪು ಒಟ್ಟು ದಾರಿಯ ಅರ್ಧ ದಾಟಲ್ಲ, ಇಲ್ಲಿ 0.040 ಸೆಕೆಂಡ್. ಅದಕ್ಕೇ ಸರ್ವರ್ ಹತ್ತಿರ ಇದ್ದಷ್ಟೂ ಒಳ್ಳೇದು. ಅದಕ್ಕೇ ಒಂದೇ ಉತ್ತರ ನಂಬದೆ ಮತ್ತೆ ಮತ್ತೆ ಕೇಳೋದು. ಈ ಲೆಕ್ಕದಲ್ಲಿ ಸಮಯ ತಿದ್ದೋ ಮಾತೇ ಇಲ್ಲ, ನೋಡಿದೆಯಾ? ಎಷ್ಟು ತಪ್ಪಿದೆ ಅಂತ ಅಳೆಯೋದೇ ಅದರ ಕೆಲಸದ ಬಹುಪಾಲು.

ಆತ: ಒಂದು ಮೆಷಿನ್‌ನಲ್ಲಿ ನಕ್ಷತ್ರವೂ ಬಂದಿದೆ, ರೀಚ್ 377 ಇದೆ. ಆದ್ರೂ ಸಮಯ ಇನ್ನೂ ತಪ್ಪೇ. ಸ್ವಲ್ಪ ಸ್ವಲ್ಪ ಸರಿಹೋಗ್ತಿರೋ ಹಾಗಿದೆ.

ಆಕೆ: ತಿದ್ದೋಕೆ ಎರಡು ಬಗೆ. ಒಂದು, ಒಮ್ಮೆಲೇ ಜಿಗಿಸೋದು. ಇನ್ನೊಂದು, ಗಡಿಯಾರದ ವೇಗವನ್ನ ಒಂಚೂರು ಹೆಚ್ಚು ಕಡಿಮೆ ಮಾಡಿ ಮೆಲ್ಲಗೆ ಹತ್ತಿರ ತರೋದು. ಕ್ರೋನಿಯ ಕಾನ್ಫಿಗರೇಷನ್‌ನಲ್ಲಿ ‘ಮೇಕ್‌ಸ್ಟೆಪ್ 1 3’ ಅಂತ ಸಾಮಾನ್ಯವಾಗಿ ಇರುತ್ತೆ. ಶುರುವಾದ ಮೇಲಿನ ಮೊದಲ ಮೂರು ತಿದ್ದುಪಡಿಗಳಲ್ಲಿ ಮಾತ್ರ, ತಪ್ಪು ಒಂದು ಸೆಕೆಂಡಿಗಿಂತ ಹೆಚ್ಚಿದ್ರೆ ಜಿಗಿ ಅಂತ ಅರ್ಥ. ಆ ಮೂರು ಮುಗಿದ ಮೇಲೆ ಎಷ್ಟೇ ದೊಡ್ಡ ತಪ್ಪಾದ್ರೂ ಮೆಲ್ಲಗೇ ತರುತ್ತೆ. ಅದರ ಗರಿಷ್ಠ ವೇಗದಲ್ಲೂ ಒಂದು ಸೆಕೆಂಡ್ ತಿದ್ದೋಕೆ 12 ಸೆಕೆಂಡ್ ಬೇಕು. ಐದೂವರೆ ಗಂಟೆ ಮಧ್ಯದಲ್ಲಿ ತಪ್ಪಿಹೋದ್ರೆ 66 ಗಂಟೆ ಹಿಡಿಯುತ್ತೆ. ಹಳೇ ಎನ್‌ಟಿಪಿಡಿ ಇನ್ನೂ ನಿಧಾನ, ಮೆಲ್ಲಗೆ ತಿದ್ದುವಾಗ ಒಂದು ಸೆಕೆಂಡಿಗೆ 2,000 ಸೆಕೆಂಡ್. ತಪ್ಪು 1,000 ಸೆಕೆಂಡ್ ದಾಟಿದ್ರೆ ‘ಇದು ನನ್ನ ಕೈ ಮೀರಿದ್ದು’ ಅಂತ ಅದು ನಿಂತೇಬಿಡುತ್ತೆ. ಬೆಳಿಗ್ಗೆ ಸರ್ವಿಸ್ ಇತ್ತು, ಈಗ ಇಲ್ಲ ಅನ್ನೋ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಆತ: ಒಮ್ಮೆಲೇ ಜಿಗಿಸಿದ್ರೆ ಏನು ನಷ್ಟ?

ಆಕೆ: ಮುಂದಕ್ಕೆ ಜಿಗಿದ್ರೆ ಮಧ್ಯದ ಹೊತ್ತಿಗೆ ಇಟ್ಟ ಕೆಲಸಗಳ ಗತಿ ಏನು? ಹಿಂದಕ್ಕೆ ಜಿಗಿದ್ರೆ ಇನ್ನೂ ಕಷ್ಟ. ಡೇಟಾಬೇಸ್‌ನಲ್ಲಿ ಈಗ ಬರೆದ ದಾಖಲೆ ಆಗ ಬರೆದದ್ದಕ್ಕಿಂತ ಹಳೇದು ಅಂತ ಕಾಣುತ್ತೆ. ಲಾಗ್‌ನಲ್ಲಿ ಪರಿಣಾಮ ಮೊದಲು, ಕಾರಣ ಆಮೇಲೆ ಬರುತ್ತೆ. ಯಾರೂ ಕೆಲಸ ಮಾಡದ ಹೊತ್ತಿನಲ್ಲಿ, ಇಲ್ಲಾ ಬೂಟ್ ಆದ ಕೂಡಲೇ ಜಿಗಿಸು. ‘ಕ್ರೋನಿಸಿ ಮೇಕ್‌ಸ್ಟೆಪ್’ ಅಂತ ಒಂದು ಮಾತು ಸಾಕು. ಮೊಬೈಲ್ ನೋಡಿ ಹಾಕೋದಕ್ಕಿಂತ ಸಾವಿರ ಪಾಲು ನಿಖರ. ವರ್ಚುವಲ್ ಮೆಷಿನ್‌ಗಳಿಗೆ ಮಾತ್ರ ‘ಮೇಕ್‌ಸ್ಟೆಪ್ 1 -1’ ಅಂತ ಇಡೋದು ಒಳ್ಳೇದು. ನಿಲ್ಲಿಸಿ ಎಬ್ಬಿಸಿದಾಗಲೆಲ್ಲ ಅವು ಹಿಂದೆ ಬೀಳ್ತವೆ, ಯಾವಾಗ ಬೇಕಾದ್ರೂ ಜಿಗಿಯೋ ಅನುಮತಿ ಅವಕ್ಕೆ ಬೇಕು. ಕಂಟೇನರ್ ಒಳಗೆ ಕೂತು ಗಡಿಯಾರ ತಿದ್ದೋಕೆ ಹೋಗಬೇಡ, ಅದಕ್ಕೆ ಸ್ವಂತ ಗಡಿಯಾರ ಇಲ್ಲ, ಹೊರಗಿನ ಮೆಷಿನ್ ತಿದ್ದು.

ಆತ: ಆದ್ರೆ ಅಕ್ಕ, ಡೇಟ್ ಕಮಾಂಡ್ ಕೊಟ್ಟೇ ಪ್ರಪಂಚದ ಸರ್ವರ್‌ಗಳು ಬದುಕಿಕೊಂಡ ದಿನ ಒಂದಿತ್ತು ಅಂತ ಓದಿದ್ದೀನಿ. ಅದಕ್ಕೇನಂತೀರಿ?

ಆಕೆ: 2012ರ ಜೂನ್ 30. ಭೂಮಿಯ ತಿರುಗುವಿಕೆಗೆ ಹೊಂದಿಸೋಕೆ ಯುಟಿಸಿಗೆ ಒಂದು ಲೀಪ್ ಸೆಕೆಂಡ್ ಸೇರಿಸಿದ ದಿನ. ನಮ್ಮ ಲೆಕ್ಕಕ್ಕೆ ಜುಲೈ 1ರ ಬೆಳಿಗ್ಗೆ 5 ಗಂಟೆ 29 ನಿಮಿಷ 60 ಸೆಕೆಂಡ್. ಲಿನಕ್ಸ್ ಕರ್ನಲ್‌ನ ಟೈಮರ್‌ಗಳಿಗೆ ಆ ಹೆಚ್ಚುವರಿ ಸೆಕೆಂಡಿನ ಸುದ್ದಿ ಮುಟ್ಟಲಿಲ್ಲ. ಅವು ಒಂದು ಸೆಕೆಂಡ್ ಮುಂದೆ ಉಳಿದವು, ಸಣ್ಣ ಸಣ್ಣ ಹೊತ್ತು ಕಾಯಬೇಕಾದ ಪ್ರೋಗ್ರಾಂಗಳು ಕಾಯದೆ ಮತ್ತೆ ಮತ್ತೆ ಎದ್ದು ಪ್ರೊಸೆಸರ್ ಪೂರ್ತಿ ತಿಂದು ಹಾಕಿದವು. ಇದ್ದ ಸಮಯವನ್ನೇ ಡೇಟ್ ಕಮಾಂಡ್‌ನಿಂದ ಮತ್ತೆ ಹಾಕಿದಾಗ ಟೈಮರ್‌ಗಳು ಹೊಸದಾಗಿ ಹೊಂದಿಕೊಂಡು ಶಾಂತವಾದವು. ನೀನು ಹೇಳಿದ್ದು ನಿಜ. ಆದ್ರೆ ಯಾಕೆ ಕೆಲಸ ಮಾಡ್ತು ಅಂತ ಗೊತ್ತಿದ್ದದ್ದರಿಂದಲೇ ಕರ್ನಲ್‌ನ ದೋಷವನ್ನೂ ಸರಿಪಡಿಸೋಕೆ ಆಯಿತು. ಕಮಾಂಡ್ ಕೊಟ್ಟು ಸುಮ್ಮನಾಗಿದ್ದಿದ್ರೆ ಮುಂದಿನ ಲೀಪ್ ಸೆಕೆಂಡಿಗೆ ಅದೇ ಗತಿ. ಅಳೆದು, ಕಾರಣ ಹಿಡಿದು, ಆಮೇಲೆ ಡೇಟ್ ಕೊಡೋರ ಜೊತೆ ನನಗೆ ಜಗಳವಿಲ್ಲ.

ಆತ: ನಮ್ಮದು ಚಿಕ್ಕ ಲ್ಯಾಬು. ಇಷ್ಟೆಲ್ಲ ನಿಖರತೆ ನಮಗೆ ಬೇಕಾ ಅನ್ನೋದೇ ನನ್ನ ಅನುಮಾನ.

ಆಕೆ: ಮೊನ್ನೆ ಆನ್‌ಲೈನ್ ಕಿರುಪರೀಕ್ಷೆಯಲ್ಲಿ ಒಬ್ಬಳ ಉತ್ತರ ತಡವಾಗಿ ಬಂತು ಅಂತ ಸೇರಿಸಲಿಲ್ಲ ಅಂದಿದ್ದೆಯಲ್ಲ?

ಆತ: ಹೌದು. ಹೊತ್ತಿಗೆ ಸರಿಯಾಗಿ ಒತ್ತಿದ್ದೆ ಅಂತ ಅವಳು ಹೇಳ್ತಾಳೆ. ಸರ್ವರ್‌ನ ಲಾಗ್‌ನಲ್ಲಿ ಮೂರು ನಿಮಿಷ ತಡ ಅಂತಿದೆ.

ಆಕೆ: ಆ ದಿನ ಆ ಸರ್ವರ್‌ನ ಗಡಿಯಾರ ಎಷ್ಟು ತಪ್ಪಿತ್ತು ಅಂತ ನಿನಗೆ ಗೊತ್ತಾ?

ಆತ: ಗೊತ್ತಿಲ್ಲ. ಮಾರನೇ ದಿನ ಸರಿ ಮಾಡಿದ್ದೀನಿ.

ಆಕೆ: ಲಾಗ್ ಬರೆದ ಗಡಿಯಾರವೇ ನಂಬಿಕೆಗೆ ತಕ್ಕದ್ದಲ್ಲ ಅಂದ ಮೇಲೆ ಆ ಮೂರು ನಿಮಿಷವನ್ನ ಅವಳ ಮೇಲೆ ಹೊರಿಸೋಕೆ ನಮಗೆ ಹಕ್ಕಿಲ್ಲ. ಅಧ್ಯಾಪಕರಿಗೆ ಇವತ್ತೇ ಹೇಳು. ಸರ್ವರ್‌ನ ಜರ್ನಲ್ ತೆಗೆದು ನೋಡು. ಸಿಸ್ಟಮ್ ಗಡಿಯಾರ ಇಷ್ಟು ಸೆಕೆಂಡ್ ತಪ್ಪಿದೆ ಅಂತ ಕ್ರೋನಿ ಆ ದಿನದ ಸುತ್ತಮುತ್ತ ಬರೆದಿರಬಹುದು, ಕ್ರೋನಿ ಕೆಲಸ ಮಾಡ್ತಿದ್ದಿದ್ರೆ. ನಿಖರತೆ ಯಾರಿಗೆ ಬೇಕು ಅಂದ್ರೆ ಅವಳಿಗೆ ಬೇಕು. ಮೊಬೈಲ್‌ನಲ್ಲಿ ಆರಂಕಿಯ ಒಟಿಪಿ ತೋರಿಸೋ ಆ್ಯಪ್ ಗಡಿಯಾರ ನೋಡಿಕೊಂಡು ಸಾಮಾನ್ಯವಾಗಿ 30 ಸೆಕೆಂಡಿಗೊಂದು ಸಂಖ್ಯೆ ಬದಲಾಯಿಸುತ್ತೆ. ದೊಡ್ಡ ನೆಟ್‌ವರ್ಕ್‌ಗಳ ಲಾಗಿನ್‌ಗೆ ಬಳಸೋ ಕರ್ಬರಾಸ್ ಸುಮ್ಮನೆ ಬಿಟ್ರೆ ಐದು ನಿಮಿಷದ ವ್ಯತ್ಯಾಸದವರೆಗೆ ಮಾತ್ರ ಸಹಿಸುತ್ತೆ. ಇವೆಲ್ಲ ಬಾಗಿಲಲ್ಲೇ ತಡೀತವೆ, ತಪ್ಪಿದೆ ಅಂತ ತಕ್ಷಣ ಗೊತ್ತಾಗುತ್ತೆ. ತಪ್ಪು ಸಮಯವನ್ನ ಒಪ್ಪಿಕೊಂಡು ದಾಖಲೆ ಮಾಡೋ ಸರ್ವರ್ ಮಾತ್ರ ಸದ್ದಿಲ್ಲದೆ ಅನ್ಯಾಯ ಮಾಡುತ್ತೆ.

ಆತ: ಇವತ್ತೇ ಹೇಳ್ತೀನಿ ಅಕ್ಕ. ಇನ್ನು ಮುಂದೆ ಯಾವ ಗಡಿಯಾರ ನಂಬಲಿ? ಯಾವ ಸರ್ವರ್ ಹಾಕಲಿ?

ಆಕೆ: ನಮ್ಮ ದೇಶದ ಸಮಯ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಎನ್‌ಪಿಎಲ್, ಪರಮಾಣು ಗಡಿಯಾರಗಳಲ್ಲಿ ಕಾಯೋದು. 2022ರ ಏಪ್ರಿಲ್ 28ರಂದು ಸೈಬರ್ ಸುರಕ್ಷತೆ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಸೇವೆ ಒದಗಿಸೋರು, ಡೇಟಾ ಸೆಂಟರ್‌ಗಳು, ಕಂಪನಿಗಳು, ಸರ್ಕಾರಿ ಸಂಸ್ಥೆಗಳು ಎನ್‌ಪಿಎಲ್‌ನ ಇಲ್ಲಾ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿಯ ಎನ್‌ಟಿಪಿ ಸರ್ವರ್‌ಗಳಿಗೆ, ಅಥವಾ ಅವುಗಳ ಜಾಡು ಹಿಡಿದು ಬಂದ ಸರ್ವರ್‌ಗಳಿಗೆ ತಮ್ಮ ಗಡಿಯಾರ ಹೊಂದಿಸಿಕೊಳ್ಳಬೇಕು. ಎಲ್ಲ ಲಾಗ್‌ಗಳನ್ನ 180 ದಿನ ಇಡಬೇಕು ಅಂತ ಅದೇ ನಿರ್ದೇಶನದಲ್ಲಿದೆ. ಗಡಿಯಾರ ಮತ್ತು ಲಾಗ್ ಒಂದೇ ಕಾಗದದಲ್ಲಿ ಬಂದದ್ದು ಸುಮ್ಮನೆ ಅಲ್ಲ. ಬೇರೆ ಬೇರೆ ಕಡೆಯ ಲಾಗ್‌ಗಳನ್ನ ಜೋಡಿಸಿ ನೋಡಬೇಕಾದ್ರೆ ಎಲ್ಲವೂ ಒಂದೇ ಗಡಿಯಾರದ್ದಾಗಿರಬೇಕು. ಎನ್‌ಪಿಎಲ್‌ನ ಸಮಯವನ್ನ ದೇಶದ ಐದು ಪ್ರಾದೇಶಿಕ ಪ್ರಯೋಗಾಲಯಗಳ ಮೂಲಕ ಹಂಚೋ ಯೋಜನೆ ನಡೀತಿದೆ, ಅವುಗಳಲ್ಲಿ ಒಂದು ಬೆಂಗಳೂರಿನದು. ಇಸ್ರೋದ ನಾವಿಕ್ ಉಪಗ್ರಹ ವ್ಯವಸ್ಥೆಯ ಸಮಯ ಕಾಯೋ ಕೇಂದ್ರವೂ ಬೆಂಗಳೂರಿಗೆ ಹತ್ತಿರದ ಬ್ಯಾಲಾಳುವಿನಲ್ಲಿದೆ.

ಆತ: ಹಾಗಾದ್ರೆ ಎಲ್ಲ ಮೆಷಿನ್‌ಗೂ ಒಂದೊಂದು ಸರ್ವರ್ ಹೆಸರು ಬರೆದುಬಿಡ್ತೀನಿ.

ಆಕೆ: ಒಂದೇ ಇದ್ರೆ ಅದು ಸುಳ್ಳು ಹೇಳಿದ್ರೂ ಗೊತ್ತಾಗಲ್ಲ. ಎರಡಿದ್ರೆ ಇಬ್ಬರಲ್ಲಿ ಯಾರು ಸರಿ ಅಂತ ಗೊತ್ತಾಗಲ್ಲ. ಮೂರಿದ್ರೆ ಬಹುಮತ ಸಿಗುತ್ತೆ, ನಾಲ್ಕಿದ್ರೆ ಒಂದು ಕೈಕೊಟ್ರೂ ಬಹುಮತ ಉಳಿಯುತ್ತೆ. ಎನ್‌ಐಸಿಯ ಸಮಯ್1, ಸಮಯ್2, ಎನ್‌ಪಿಎಲ್‌ನದೊಂದು, ಜೊತೆಗೆ ಸ್ವಯಂಸೇವಕರು ನಡೆಸೋ ಎನ್‌ಟಿಪಿ ಪೂಲ್‌ನ ಭಾರತದ ವಿಭಾಗದಿಂದ ಒಂದು. ಆದ್ರೆ ಎಲ್ಲ ಮೆಷಿನ್‌ಗಳೂ ಹೊರಗೆ ಹೋಗಿ ಕೇಳೋದು ಬೇಡ. ಲ್ಯಾಬಿನ ಒಂದು ಮೆಷಿನ್‌ನ ಕ್ರೋನಿ ಮಾತ್ರ ಆ ನಾಲ್ವರನ್ನ ಕೇಳಲಿ. ಅದರ ಕಾನ್ಫಿಗರೇಷನ್‌ನಲ್ಲಿ ‘ಅಲೌ’ ಅಂತ ಲ್ಯಾಬಿನ ನೆಟ್‌ವರ್ಕ್ ಬರೆದು, ಉಳಿದವು ಅದನ್ನ ಕೇಳೋ ಹಾಗೆ ಮಾಡು. ಫೈರ್‌ವಾಲ್‌ನಲ್ಲೂ ಒಂದೇ ಮೆಷಿನ್‌ಗೆ ದಾರಿ ತೆರೆದ್ರೆ ಸಾಕು. ‘ಲೋಕಲ್ ಸ್ಟ್ರಾಟಮ್ 10’ ಅಂತ ಒಂದು ಸಾಲು ಸೇರಿಸಿದ್ರೆ ಹೊರಗಿನ ನೆಟ್ ಹೋದಾಗಲೂ ಉಳಿದ ಮೆಷಿನ್‌ಗಳು ಅದರ ಮಾತೇ ಕೇಳ್ತವೆ. ಆಗ ಎಲ್ಲವೂ ಕೊಂಚ ತಪ್ಪಬಹುದು, ಆದ್ರೆ ಒಟ್ಟಿಗೇ ಇರ್ತವೆ.

ಆತ: ಆಮೇಲೆ ನಾನು ನೋಡಬೇಕಾದ್ದು?

ಆಕೆ: ಒಂದು ನೋಟ್‌ಬುಕ್ ಇಡು. ವಾರಕ್ಕೊಂದು ಸಲ ಎಲ್ಲ ಮೆಷಿನ್‌ಗಳಲ್ಲೂ ‘ಕ್ರೋನಿಸಿ ಟ್ರ್ಯಾಕಿಂಗ್’ ಕೊಟ್ಟು ಎರಡು ಅಂಕಿ ಬರಿ. ಸಿಸ್ಟಮ್ ಸಮಯ ಎಷ್ಟು ಆಚೀಚೆ ಇದೆ, ಫ್ರೀಕ್ವೆನ್ಸಿ ಎಷ್ಟು ಪಿಪಿಎಂ ತಪ್ಪಿದೆ. ಎರಡನೇ ಅಂಕಿ ಆ ಮೆಷಿನ್‌ನ ಸ್ಫಟಿಕದ ಗುಣ, ಸಾಮಾನ್ಯವಾಗಿ ಹೆಚ್ಚು ಬದಲಾಗಲ್ಲ. ಒಂದು ವಾರ ಅದು ಇದ್ದಕ್ಕಿದ್ದ ಹಾಗೆ ಹಾರಿದ್ರೆ ಕರ್ನಲ್ ಲಾಗ್ ನೋಡು. ಪ್ರೊಸೆಸರ್‌ನ ಟಿಎಸ್‌ಸಿ ಎಣಿಕೆ ನಂಬೋ ಹಾಗಿಲ್ಲ ಅಂತ ಬಿಟ್ಟು ಬೇರೆ ಗಡಿಯಾರಕ್ಕೆ ಹೋಗಿರೋ ಸಾಲು ಸಿಗಬಹುದು. ದೂರು ಬಂದಾಗಲೂ ಕ್ರಮ ಇದೇ: ಯುಟಿಸಿ ಸರಿಯಿದೆಯಾ, ಎಷ್ಟು ತಪ್ಪಿದೆ, ಯಾವ ಕಡೆಗೆ, ಬೆಳೀತಿದೆಯಾ, ಸರ್ವಿಸ್ ಒಂದೇ ಇದೆಯಾ, ಸರ್ವರ್ ಉತ್ತರ ಕೊಡ್ತಿದೆಯಾ. ಇಷ್ಟಕ್ಕೂ ಉತ್ತರ ಬರೆದ ಮೇಲೆ ತಿದ್ದು. ಮುಂದೆ ಯಾರಾದ್ರೂ ‘ಆ ದಿನ ಸರ್ವರ್‌ನ ಸಮಯ ಸರಿಯಿತ್ತಾ’ ಅಂತ ಕೇಳಿದ್ರೆ ಜ್ಞಾಪಕದಿಂದ ಹೇಳಬೇಡ, ಆ ವಾರದ ಪುಟ ತೆರೆದು ತೋರಿಸು.